ದೊಡ್ಡ ಟೆಲಿಕಾಂ ಕಂಪನಿಯಲ್ಲಿ ಕೆಲಸ: ಬೆಂಗಳೂರಿನಲ್ಲಿ ಪದೇ ಪದೇ ಕೇಳುವ ಪ್ರಶ್ನೆಗಳು

ಹನ್ನೊಂದು ವರ್ಷ ಒಂದು ದೊಡ್ಡ ಮೊಬೈಲ್ ಕಂಪನಿಯ ಬೆಂಗಳೂರು ಆಫೀಸಿನಲ್ಲಿ ದುಡಿದೆ. ಮೊದಲು ಕಾಲ್ ಸೆಂಟರ್, ಆಮೇಲೆ ನೆಟ್‌ವರ್ಕ್ ವಿಭಾಗ. ಬಿಟ್ಟು ಬಂದ ಮೇಲೂ ವಾರಕ್ಕೊಬ್ಬರಾದರೂ ಫೋನ್ ಮಾಡುತ್ತಾರೆ. ಅಕ್ಕನ ಮಗ, ಪಕ್ಕದ ಮನೆ ಹುಡುಗಿ, ಊರಿನಲ್ಲಿ ಡಿಪ್ಲೊಮಾ ಮುಗಿಸಿ ಮೆಜೆಸ್ಟಿಕ್‌ನಲ್ಲಿ ಬಸ್ಸಿಳಿದ ಯಾರೋ ಹುಡುಗ. ಎಲ್ಲರೂ ಕೇಳುವುದು ಅವೇ ಪ್ರಶ್ನೆ. ಹೇಳಿ ಹೇಳಿ ಸಾಕಾಗಿ ಇಲ್ಲಿ ಬರೆದಿಟ್ಟಿದ್ದೇನೆ.

ಯಾವ ಕಂಪನಿ ಅಂತ ಹೇಳಬಾರದಾ?

ಬೇಡ. ಮುಂದೆ ಸ್ವಲ್ಪ ಬೈಗುಳವೂ ಬರುತ್ತದೆ. ಬೇರೆ ಕಂಪನಿಗಳಲ್ಲಿದ್ದ ಗೆಳೆಯರನ್ನು ಕೇಳಿದರೆ ಅವರ ಕಥೆಯೂ ಹೆಚ್ಚು ಕಡಿಮೆ ಇದೇ.

ಟೆಲಿಕಾಂ ಅಂದರೆ ಟವರ್, ಸಿಮ್ ಅಷ್ಟೇ ಅಲ್ವಾ? ಅಷ್ಟು ಜನ ಅಲ್ಲಿ ಏನು ಮಾಡುತ್ತಾರೆ?

ದೇಶವನ್ನು 22 ಸರ್ಕಲ್‌ಗಳಾಗಿ ಹಂಚಿದ್ದಾರೆ. ಕರ್ನಾಟಕ ಅದರಲ್ಲಿ ಒಂದು. ನಮ್ಮ ಸರ್ಕಲ್ ಆಫೀಸ್ ಇದ್ದದ್ದು ಬೆಂಗಳೂರಿನಲ್ಲಿ. ಬೀದರ್‌ನಲ್ಲಿ ಟವರ್ ಮಲಗಿದರೂ, ಚಾಮರಾಜನಗರದಲ್ಲಿ ರೀಚಾರ್ಜ್ ಕಡಿಮೆಯಾದರೂ ಬೆಳಗಿನ ಮೀಟಿಂಗ್‌ನಲ್ಲಿ ಉತ್ತರ ಕೊಡಬೇಕಾದವರು ಇಲ್ಲಿ ಕೂತವರು.

ಒಳಗೆ ಹೋದರೆ ಸೇಲ್ಸ್, ಕಸ್ಟಮರ್ ಕೇರ್, ನೆಟ್‌ವರ್ಕ್, ಬಿಲ್ಲಿಂಗ್, ಐಟಿ, ಲೀಗಲ್ ಎಲ್ಲ ಇವೆ. ಜನ ಜಾಸ್ತಿ ಇರುವುದು ಮೊದಲ ಮೂರರಲ್ಲಿ. ಟವರ್ ಕಂಬ ಎಷ್ಟೋ ಕಡೆ ಮೊಬೈಲ್ ಕಂಪನಿಯದ್ದೇ ಅಲ್ಲ. ಅದಕ್ಕೆ ಬೇರೆ ಟವರ್ ಕಂಪನಿ ಇರುತ್ತದೆ. ಒಂದೇ ಕಂಬಕ್ಕೆ ಎರಡು ಮೂರು ಮೊಬೈಲ್ ಕಂಪನಿಗಳು ಬಾಡಿಗೆ ಕೊಟ್ಟು ಆಂಟೆನಾ ಕಟ್ಟಿರುತ್ತವೆ. ಹೊರಗಡೆ ಎಲ್ಲರೂ ಜಗಳ, ಕಂಬದ ಮೇಲೆ ಎಲ್ಲರೂ ವಠಾರದವರು.

ಬೆಂಗಳೂರಿನಲ್ಲಿ ಇನ್ನೊಂದು ಗೊಂದಲ ಇದೆ. ನೋಕಿಯಾ, ಎರಿಕ್ಸನ್, ಸಿಸ್ಕೊ ಕೂಡ ಟೆಲಿಕಾಂ ಕಂಪನಿಗಳೇ. ಆದರೆ ಅವು ಸಿಮ್ ಮಾರುವುದಿಲ್ಲ, ಉಪಕರಣ ಮತ್ತು ಸಾಫ್ಟ್‌ವೇರ್ ಮಾಡುತ್ತವೆ. ಮಾನ್ಯತಾ ಟೆಕ್ ಪಾರ್ಕ್‌ನಲ್ಲಿ ಕೂತು ಕೋಡ್ ಬರೆಯುವ ಬದುಕು ಬೇರೆ, ಸಿಮ್ ಕಂಪನಿಯ ಬದುಕು ಬೇರೆ. ನಾನು ಹೇಳುತ್ತಿರುವುದು ಎರಡನೆಯದರ ಬಗ್ಗೆ.

ಇಂಟರ್‌ವ್ಯೂ ಮಾಡಿದ್ದು ದೊಡ್ಡ ಕಂಪನಿ. ಆಫರ್ ಲೆಟರ್‌ನಲ್ಲಿ ಇನ್ಯಾವುದೋ ಹೆಸರು ಇದೆ. ಮೋಸಾನಾ?

ಮೋಸ ಅಲ್ಲ. ಆದರೆ ನೀವು ಸೇರುತ್ತಿರುವುದು ಆ ದೊಡ್ಡ ಕಂಪನಿಗೂ ಅಲ್ಲ. ಇದನ್ನು ಮೊದಲ ದಿನವೇ ತಿಳಿದುಕೊಂಡರೆ ಮುಂದಿನ ಅರ್ಧ ಬೇಜಾರು ತಪ್ಪುತ್ತದೆ.

ಕಂಪನಿಯ ಟೀ ಶರ್ಟ್ ಹಾಕುತ್ತೀರಿ. ಫೋನ್ ಎತ್ತಿ ಕಂಪನಿಯ ಹೆಸರು ಹೇಳುತ್ತೀರಿ. ಬೈಯುವುದೂ ಕಂಪನಿಯ ಮ್ಯಾನೇಜರೇ. ಸಂಬಳ ಮಾತ್ರ ಆಫರ್ ಲೆಟರ್‌ನಲ್ಲಿ ಹೆಸರಿರುವ ಏಜೆನ್ಸಿಯಿಂದ ಬರುತ್ತದೆ. ಇದಕ್ಕೆ ಎಲ್ಲರೂ ಹೇಳುವ ಮಾತು ಆಫ್‌ರೋಲ್. ಕಂಪನಿಯೇ ನೇರವಾಗಿ ಇಟ್ಟುಕೊಂಡವರು ಆನ್‌ರೋಲ್. ಕಾಲ್ ಸೆಂಟರ್, ಶೋರೂಮ್, ಫೀಲ್ಡ್ ಸೇಲ್ಸ್, ಫೈಬರ್, ಟವರ್ ನಿರ್ವಹಣೆ, ಇಲ್ಲೆಲ್ಲ ನಾನು ಕಂಡವರಲ್ಲಿ ಬಹುಪಾಲು ಜನ ಆಫ್‌ರೋಲ್.

ನಮ್ಮ ಆಫೀಸಿನಲ್ಲಿ ಐಡಿ ಕಾರ್ಡಿನ ದಾರ ಎರಡು ಬಣ್ಣದ್ದಿತ್ತು. ಆನ್‌ರೋಲ್‌ನವರಿಗೆ ನೀಲಿ, ನಮಗೆ ಹಳದಿ. ಕ್ಯಾಂಟೀನ್‌ನಲ್ಲಿ ಒಂದೇ ಮೇಜು, ಒಂದೇ ಬಿಸಿಬೇಳೆಬಾತ್. ದೀಪಾವಳಿ ಬಂದಾಗ ನೀಲಿ ದಾರಕ್ಕೆ ಡ್ರೈಫ್ರೂಟ್ಸ್ ಡಬ್ಬ, ಹಳದಿ ದಾರಕ್ಕೆ ಇಮೇಲ್‌ನಲ್ಲಿ ಶುಭಾಶಯ. ಮೂರು ವರ್ಷ ಹಳದಿ ದಾರ ಹಾಕಿಕೊಂಡಿದ್ದೆ. ನೀಲಿ ಸಿಕ್ಕ ದಿನ ಅಮ್ಮನಿಗೆ ಫೋಟೊ ಕಳಿಸಿದೆ. ಅಮ್ಮ ಕೇಳಿದರು, “ದಾರ ಬದಲಾಯಿಸಿದ್ದಕ್ಕೆ ಇಷ್ಟೊಂದು ಖುಷಿನಾ?”

ಆಫ್‌ರೋಲ್ ಅಂತ ಬಿಡಬೇಕಾಗಿಲ್ಲ, ನಾನೂ ಹಾಗೇ ಒಳಗೆ ಬಂದವನು. ಆದರೆ ಕೆಲವು ಮಾತು ಬರಹದಲ್ಲಿ ಕೇಳಿ. ಏಜೆನ್ಸಿ ಬದಲಾದರೆ ನನ್ನ ಸೇವೆ ಮುಂದುವರಿಯುತ್ತದಾ? ಇನ್ಸೆಂಟಿವ್ ಕೊಡುವವರು ಯಾರು? ಸಂಬಳದಿಂದ ಪಿಎಫ್ ಹಿಡಿದರೆ ಅದು ನಿಮ್ಮ ಯುಎಎನ್ ನಂಬರಿಗೆ, ಅಂದರೆ ನಿಮ್ಮ ಹೆಸರಿನ ಪಿಎಫ್ ಖಾತೆಗೆ, ಬೀಳುತ್ತಿದೆಯಾ ಅಂತ ತಿಂಗಳಿಗೊಮ್ಮೆ ಪಾಸ್‌ಬುಕ್ ನೋಡಿ. ನನ್ನ ಜೊತೆಯವನೊಬ್ಬನಿಗೆ ಏಳು ತಿಂಗಳು ಸ್ಲಿಪ್‌ನಲ್ಲಿ ಕಟ್ ಆಗಿತ್ತು, ಖಾತೆಗೆ ಬಂದಿರಲಿಲ್ಲ. ಸಂಬಳ ತಿಂಗಳಿಗೆ 21,000 ರೂಪಾಯಿ ಒಳಗಿದ್ದರೆ ಇಎಸ್‌ಐ, ಅಂದರೆ ನೌಕರರ ಸರ್ಕಾರಿ ವಿಮೆ, ಇರಬೇಕು. ಆ ಕಾರ್ಡ್ ಕೇಳಿ ಪಡೆಯಿರಿ. ಜ್ವರಕ್ಕಲ್ಲದಿದ್ದರೂ ಅಪಘಾತ ಅಂತ ಆದಾಗ ಅದರ ಬೆಲೆ ಗೊತ್ತಾಗುತ್ತದೆ.

ಕೆಲಸ ಕೊಡಿಸಲು ಮೊದಲೇ ದುಡ್ಡು ಕೇಳುತ್ತಿದ್ದಾರೆ. ಕಟ್ಟಲಾ?

ಕಟ್ಟಬೇಡಿ. ಡೆಪಾಸಿಟ್, ಟ್ರೈನಿಂಗ್ ಫೀಸ್, ಲ್ಯಾಪ್‌ಟಾಪ್ ಅಡ್ವಾನ್ಸ್, ಯಾವ ಹೆಸರಿನಲ್ಲೂ ಬೇಡ. “ನಿಮ್ಮ ಸೈಟಿನಲ್ಲಿ ಟವರ್ ಹಾಕುತ್ತೇವೆ, ಮನೆಯ ಒಬ್ಬರಿಗೆ ಕೆಲಸ, ತಿಂಗಳಿಗೆ ಬಾಡಿಗೆ” ಅನ್ನುವ ಮೆಸೇಜ್ ಬಂದರೂ ಅದೇ ಉತ್ತರ. ಈಗಾಗಲೇ ಕಟ್ಟಿದ್ದರೆ ತಡ ಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.

ಕಾಲ್ ಸೆಂಟರ್‌ನಲ್ಲಿ ದಿನ ಹೇಗಿರುತ್ತದೆ?

ಹೆಡ್‌ಫೋನ್ ಹಾಕಿ ಲಾಗಿನ್ ಆದ ಕ್ಷಣದಿಂದ ನಿಮ್ಮ ಉಸಿರಿಗೂ ಲೆಕ್ಕ. ಒಂದು ಕಾಲ್‌ಗೆ ಸರಾಸರಿ ಎಷ್ಟು ಹೊತ್ತು, ಎಷ್ಟು ಸಲ ಹೋಲ್ಡ್, ಟೀ ಬ್ರೇಕ್ ಎಷ್ಟು ನಿಮಿಷ, ಎಲ್ಲ ಪರದೆಯ ಮೇಲೆ. ಟೆಲಿಕಾಂ ಕಂಪನಿಗಳ ಮೇಲೆ ಕಣ್ಣಿಡುವ ಸರ್ಕಾರಿ ಸಂಸ್ಥೆ ಟ್ರಾಯ್‌ನ ನಿಯಮದ ಪ್ರಕಾರ ಗ್ರಾಹಕ ಮನುಷ್ಯರ ಜೊತೆ ಮಾತಾಡಬೇಕು ಅಂತ ಒತ್ತಿದ ಮೇಲೆ 90 ಸೆಕೆಂಡ್ ಒಳಗೆ ಯಾರಾದರೂ ಎತ್ತಬೇಕು, ನೂರಕ್ಕೆ 95 ಕಾಲ್‌ಗಳಲ್ಲಿ. ಹಾಗಾಗಿ ಕ್ಯೂ ಬೆಳೆದ ಕೂಡಲೇ ಟೀಮ್ ಲೀಡರ್ ಹಿಂದೆ ಬಂದು ನಿಲ್ಲುತ್ತಾರೆ. ಬೇಗ ಮುಗಿಸು ಅಂತ ಕೈಸನ್ನೆ. ಆಮೇಲೆ ಕ್ವಾಲಿಟಿಯವರು ಅದೇ ಕಾಲ್ ಕೇಳಿ “ಗ್ರಾಹಕರಿಗೆ ಸಮಯ ಕೊಟ್ಟಿಲ್ಲ” ಅಂತ ಅಂಕ ಕಳೆಯುತ್ತಾರೆ.

ನನಗೆ ಜಾಸ್ತಿ ಕಷ್ಟ ಕೊಟ್ಟದ್ದು ಸ್ಕ್ರಿಪ್ಟ್. ಇಂಗ್ಲಿಷ್‌ನಿಂದ ಎತ್ತಿ ತಂದ ಕನ್ನಡ. “ನಿಮ್ಮ ಅಮೂಲ್ಯ ಸಮಯಕ್ಕಾಗಿ ಧನ್ಯವಾದಗಳು, ನಿಮ್ಮ ದಿನ ಶುಭವಾಗಿರಲಿ.” ರಾತ್ರಿ ಒಂಬತ್ತಕ್ಕೂ ದಿನ ಶುಭವಾಗಿರಲಿ. ಒಮ್ಮೆ ಹುಬ್ಬಳ್ಳಿ ಕಡೆಯ ಅಜ್ಜಿಯೊಬ್ಬರು ಎಲ್ಲ ಕೇಳಿಸಿಕೊಂಡು, “ತಮ್ಮಾ, ನೀ ಕನ್ನಡದಾವ ಹೌದಿಲ್ಲೋ?” ಅಂದರು. ಅವರ ಫೋನಿನಲ್ಲಿ ಯಾವುದೋ ಕಾಲರ್ ಟ್ಯೂನ್ ಶುರುವಾಗಿ ದುಡ್ಡು ಹೋಗುತ್ತಿತ್ತು. “ನಾ ಏನೂ ಒತ್ತಿಲ್ರೀ, ರೊಕ್ಕ ತಾನ ಹೊಂಟೈತಿ.” ಮಗಳಿಗೆ ಫೋನ್ ಮಾಡಿದಾಗ ಹಾಡು ಕೇಳುತ್ತಾ ಸ್ಟಾರ್ ಗುಂಡಿ ಒತ್ತಿದ್ದರು. ಸ್ಟಾರ್ ಒತ್ತಿದರೆ ಅದೇ ಹಾಡು ನಮಗೂ ಬರುತ್ತಿದ್ದ ಕಾಲ ಅದು. ಸ್ಕ್ರಿಪ್ಟ್ ಪಕ್ಕಕ್ಕಿಟ್ಟು ಮನೆಯಲ್ಲಿ ಮಾತಾಡುವ ಹಾಗೆ ಹೇಳಿದೆ. ಅಜ್ಜಿಗೆ ಅರ್ಥವಾಯಿತು, ಬಂದ್ ಮಾಡಿಸಿದೆ. ಆ ಕಾಲ್‌ಗೆ ನನಗೆ ಬಂದ ಅಂಕ ನೂರಕ್ಕೆ 60. ಸಮಯ ಜಾಸ್ತಿ, ಮುಕ್ತಾಯದ ವಾಕ್ಯ ಹೇಳಿಲ್ಲ.

ಬೈಗುಳ ಇರುತ್ತದೆ. ಮೊದಲ ತಿಂಗಳು ಮನಸ್ಸಿಗೆ ಹಚ್ಚಿಕೊಳ್ಳುತ್ತೀರಿ. ಆಮೇಲೆ ಗೊತ್ತಾಗುತ್ತದೆ, ಅವರು ಬೈಯುತ್ತಿರುವುದು ಟೀ ಶರ್ಟ್‌ಗೆ.

ಕನ್ನಡ ಚೆನ್ನಾಗಿ ಬಂದರೆ ಸಾಕಾ? ಇಂಗ್ಲಿಷ್ ಬೇಕಾ?

ಒಳಗೆ ಬರಲು ಕನ್ನಡ, ಮೇಲೆ ಹೋಗಲು ಇಂಗ್ಲಿಷ್. ಹಾಗಿರಬಾರದು, ಆದರೆ ಹಾಗಿದೆ. ಮೀಟಿಂಗ್, ಇಮೇಲ್, ಎಕ್ಸೆಲ್ ಎಲ್ಲ ಇಂಗ್ಲಿಷ್‌ನಲ್ಲಿ. ಹೆಡ್ ಆಫೀಸ್ ಕಾಲ್ ಇದ್ದ ದಿನ ಹಿಂದಿಯೂ ನುಸುಳುತ್ತದೆ.

ಆದರೆ ಕನ್ನಡದಲ್ಲೂ ಒಂದೇ ಕನ್ನಡ ಸಾಲದು. ಮಂಗಳೂರಿನವರು “ಎಂತ ಸಾವು ಮಾರಾಯ್ರೆ” ಅಂದಾಗ ಅದು ಬೈಗುಳ ಅಲ್ಲ, ಪೀಠಿಕೆ. ಕಲಬುರಗಿಯವರ ಜೋರು ದನಿ ಸಿಟ್ಟಲ್ಲ. ಮಂಡ್ಯದವರು ನಗುತ್ತಾ ಮಾತಾಡಿದರೆ ಮಾತ್ರ ಹುಷಾರು, ಕಂಪ್ಲೇಂಟ್ ದೊಡ್ಡದೇ ಇರುತ್ತದೆ. ಇದನ್ನು ಯಾವ ಟ್ರೈನಿಂಗ್‌ನಲ್ಲೂ ಹೇಳಿಕೊಡುವುದಿಲ್ಲ.

ಸೇಲ್ಸ್ ಟಾರ್ಗೆಟ್ ಅಷ್ಟು ಭಯಂಕರಾನಾ?

ತಿಂಗಳ 25ರಿಂದ ಹೌದು. ನಂಬರ್ ಬದಲಾಯಿಸದೆ ಕಂಪನಿ ಬದಲಾಯಿಸುವ ಸೌಲಭ್ಯ 2011ರ ಜನವರಿ 20ರಂದು ದೇಶದ ತುಂಬಾ ಬಂತು. ಅಂದಿನಿಂದ ಸೇಲ್ಸ್‌ನವರ ಬಾಯಲ್ಲಿ ಎರಡೇ ಮಾತು: ಪೋರ್ಟ್ ಇನ್ ಎಷ್ಟು, ಪೋರ್ಟ್ ಔಟ್ ಎಷ್ಟು, ಅಂದರೆ ಬಂದವರೆಷ್ಟು, ಹೋದವರೆಷ್ಟು. ಬಸ್ ಸ್ಟಾಪ್ ಪಕ್ಕ ಬಣ್ಣದ ಛತ್ರಿ ಹಾಕಿ ಸಿಮ್ ಮಾರುತ್ತಾರಲ್ಲ, ಅಲ್ಲಿ ಕೂತ ಹುಡುಗನಿಗೆ ದಿನದ ಲೆಕ್ಕ. ಅವನ ಮೇಲಿನವರಿಗೆ ಏರಿಯಾ ಲೆಕ್ಕ. ಯಶವಂತಪುರ ಕೈಕೊಟ್ಟರೆ ಪೀಣ್ಯದಲ್ಲಿ ತುಂಬಿಸು ಅನ್ನುತ್ತಾರೆ.

ಒಂದು ಎಚ್ಚರಿಕೆ. ಟಾರ್ಗೆಟ್ ಮುಗಿಸಲು ಗ್ರಾಹಕರಿಂದ “ಸರಿಯಾಗಿ ಬಂದಿಲ್ಲ, ಇನ್ನೊಂದು ಸಲ ಒತ್ತಿ” ಅಂತ ಎರಡು ಸಲ ಹೆಬ್ಬೆಟ್ಟು ತೆಗೆದುಕೊಂಡು ಎರಡನೇ ಸಿಮ್ ಚಾಲು ಮಾಡುವ ಚಾಳಿ ಇದೆ. ಮೇಲಿನವರು ನೋಡಿಯೂ ನೋಡದ ಹಾಗೆ ಇರುತ್ತಾರೆ. ಆ ಸಿಮ್ ವಂಚಕರ ಕೈಗೆ ಸೇರಿದರೆ ಪೊಲೀಸರು ಮೊದಲು ಬರುವುದು ಸಿಮ್ ಚಾಲು ಮಾಡಿದ ಐಡಿ ಹುಡುಕಿಕೊಂಡು. 2023ರ ದೂರಸಂಪರ್ಕ ಕಾಯ್ದೆಯಲ್ಲಿ ಮೋಸದಿಂದ ಸಿಮ್ ಪಡೆದರೆ 3 ವರ್ಷದವರೆಗೆ ಜೈಲು, 50 ಲಕ್ಷದವರೆಗೆ ದಂಡ, ಅಥವಾ ಎರಡೂ. ನಿಮ್ಮ ಇನ್ಸೆಂಟಿವ್ ಎಷ್ಟು ಅಂತ ಒಮ್ಮೆ ಲೆಕ್ಕ ಹಾಕಿ ನೋಡಿ.

ನೆಟ್‌ವರ್ಕ್ ವಿಭಾಗದವರಿಗೆ ರಾತ್ರಿಯೇ ಯಾಕೆ ಕೆಲಸ?

ನೀವು ಮಲಗಿದ್ದಾಗ ಮಾತ್ರ ನಿಮ್ಮ ನೆಟ್‌ವರ್ಕ್ ಮುಟ್ಟಲು ಬಿಡುತ್ತಾರೆ, ಅದಕ್ಕೆ. ಸಾಫ್ಟ್‌ವೇರ್ ಬದಲಾವಣೆ, ಕಾರ್ಡ್ ಬದಲಾವಣೆ ಎಲ್ಲ ನಡುರಾತ್ರಿ ದಾಟಿದ ಮೇಲೆ ಶುರು, ನಸುಕಿಗೆ ಮುಗಿಯಬೇಕು. ಏನಾದರೂ ಕೆಟ್ಟರೆ ಹಾಲಿನವನು ಫೋನ್ ಆನ್ ಮಾಡುವ ಮೊದಲು ಹಳೆಯ ಸ್ಥಿತಿಗೆ ತರಬೇಕು.

ಕಂಟ್ರೋಲ್ ರೂಮಿಗೆ ನಾವು ನಾಕ್ ಅನ್ನುತ್ತೇವೆ. ಗೋಡೆ ತುಂಬಾ ಪರದೆ, ಪರದೆ ತುಂಬಾ ಅಲಾರಂ. ಕರೆಂಟ್ ಹೋದರೆ ಒಂದು ಅಲಾರಂ, ಬ್ಯಾಟರಿ ಇಳಿದರೆ ಇನ್ನೊಂದು. ಟವರ್ ಕೆಳಗಿನ ಉಪಕರಣ ಓಡುವುದು 48 ವೋಲ್ಟ್ ಡಿಸಿ ಕರೆಂಟಿನಲ್ಲಿ. ಕರೆಂಟ್ ಹೋದರೆ ಬ್ಯಾಟರಿ, ಬ್ಯಾಟರಿ ಇಳಿಯುವ ಹೊತ್ತಿಗೆ ಜನರೇಟರ್. ಜನರೇಟರ್‌ನಲ್ಲಿ ಡೀಸೆಲ್ ಇಲ್ಲದಿದ್ದರೆ ಎಲ್ಲರ ಮೇಲೂ ಎಲ್ಲರ ಕೂಗಾಟ.

ಬೆಂಗಳೂರಿನಲ್ಲಿ ನಮ್ಮ ನಿಜವಾದ ಶತ್ರು ಜೆಸಿಬಿ. ನೀರಿನ ಪೈಪು, ಒಳಚರಂಡಿ, ಮೆಟ್ರೊ, ಕರೆಂಟ್ ಕೇಬಲ್, ಯಾರಿಗಾದರೂ ಒಬ್ಬರಿಗೆ ರಸ್ತೆ ಅಗೆಯುವ ಕೆಲಸ ಇದ್ದೇ ಇರುತ್ತದೆ. ಸುಮ್ನೆ ಹೇಳಬಾರದು, ನಾವೂ ಅಗೆಯುತ್ತೇವೆ. ಒಂದು ಸೆಪ್ಟೆಂಬರ್ ರಾತ್ರಿ ಮಾಗಡಿ ರಸ್ತೆ ಕಡೆ ಟವರ್‌ಗಳನ್ನು ನೆಟ್‌ವರ್ಕ್‌ಗೆ ಜೋಡಿಸುವ ನೆಲದಡಿಯ ಫೈಬರ್ ಕೇಬಲ್ ಕಟ್ ಆಗಿ ನಲವತ್ತಕ್ಕೂ ಹೆಚ್ಚು ಟವರ್ ಒಟ್ಟಿಗೆ ಮಲಗಿದವು. ಒಟಿಡಿಆರ್ ಅನ್ನುವ ಯಂತ್ರ ಫೈಬರ್ ಒಳಗೆ ಬೆಳಕು ಬಿಟ್ಟು, ಅದು ಎಲ್ಲಿಂದ ವಾಪಸ್ ಬಂತು ಅಂತ ನೋಡಿ ದೂರ ಹೇಳುತ್ತದೆ. 3.2 ಕಿಲೋಮೀಟರ್ ಅಂತ ಬಂತು. ಬೈಕಿನ ಮೀಟರ್ ನೋಡಿಕೊಂಡು 3.2 ಕಿಲೋಮೀಟರ್ ಹೋದೆವು. ಅಲ್ಲಿ ಏನೂ ಇಲ್ಲ. ಯಾಕೆಂದರೆ ಚೇಂಬರ್‌ಗಳಲ್ಲಿ, ಅಂದರೆ ದಾರಿಯುದ್ದಕ್ಕೂ ನೆಲದಡಿ ಇರುವ ಗುಂಡಿಗಳಲ್ಲಿ, ಫೈಬರನ್ನು ಸುರುಳಿ ಸುತ್ತಿ ಜಾಸ್ತಿ ಬಿಟ್ಟಿರುತ್ತಾರೆ, ಮುಂದೆ ಜೋಡಿಸಲು ಬೇಕಾಗುತ್ತದೆ ಅಂತ. ಫೈಬರ್‌ನ ಉದ್ದವೇ ಬೇರೆ, ರಸ್ತೆಯ ಉದ್ದವೇ ಬೇರೆ. ಯಾವ ಚೇಂಬರ್‌ನಲ್ಲಿ ಎಷ್ಟು ಸುರುಳಿ ಇದೆ ಅಂತ ಗೊತ್ತಿದ್ದವನು ಒಬ್ಬನೇ, ಆ ಲೈನ್ ನೋಡಿಕೊಳ್ಳುತ್ತಿದ್ದ ಪ್ಯಾಟ್ರೋಲರ್. ನಕ್ಷೆಯಲ್ಲಿ ಅದು ಇರಲಿಲ್ಲ. ಅವನನ್ನು ಎಬ್ಬಿಸಿದೆವು. ಬಂದವನು ಹಿಂದಕ್ಕೆ ನಡೆದು ಹೋಗಿ, ಮಳೆನೀರು ತುಂಬಿದ ಹೊಸ ಗುಂಡಿಯೊಂದನ್ನು ತೋರಿಸಿ “ಇಲ್ಲೇ ಸಾರ್” ಅಂದ.

ಛತ್ರಿ ಕೆಳಗೆ ಕೂತು ಜೋಡಣೆ. ಹನ್ನೆರಡು ಬಣ್ಣದ ಎಳೆಗಳು, ನೀಲಿ, ಕಿತ್ತಳೆ, ಹಸಿರು, ಕಂದು ಅಂತ ಕ್ರಮ ತಪ್ಪಬಾರದು. ಕೂದಲಿನಷ್ಟು ಸಣ್ಣ ಗಾಜು. ಸಿಪ್ಪೆ ಸುಲಿದು, ಒರೆಸಿ, ನೇರವಾಗಿ ಕತ್ತರಿಸಿ, ಸ್ಪ್ಲೈಸಿಂಗ್ ಯಂತ್ರದಲ್ಲಿಟ್ಟು ಕಿಡಿಯಿಂದ ಬೆಸೆಯಬೇಕು. ಒಂದು ಹನಿ ನೀರು ಬಿದ್ದರೆ ಮತ್ತೆ ಮೊದಲಿಂದ. ಬೆಳಗ್ಗೆ ಐದಕ್ಕೆ ಟವರ್‌ಗಳು ಎದ್ದವು. ಬೆಳಗಿನ ಮೀಟಿಂಗ್‌ನ ಸ್ಲೈಡ್‌ನಲ್ಲಿ ನನ್ನ ಹೆಸರಿತ್ತು, ನಮ್ಮ ಮ್ಯಾನೇಜರ್ ಹೆಸರಿತ್ತು. ಪ್ಯಾಟ್ರೋಲರ್ ಹೆಸರು ಇರಲಿಲ್ಲ. ಅವನದು ಏಜೆನ್ಸಿಯ ಕೆಳಗಿನ ಏಜೆನ್ಸಿ. ಹಳದಿ ದಾರವೂ ಅವನಿಗೆ ಇರಲಿಲ್ಲ. ನಾನೂ ಆವತ್ತು ಎದ್ದು ಹೇಳಲಿಲ್ಲ.

ಟವರ್ ಹತ್ತಿರ ಕೆಲಸ ಮಾಡಿದರೆ ರೇಡಿಯೇಷನ್ ಅಪಾಯ ಇಲ್ವಾ?

ಭಾರತದಲ್ಲಿ 2012ರ ಸೆಪ್ಟೆಂಬರ್‌ನಿಂದ ಟವರ್ ವಿಕಿರಣದ ಮಿತಿ ಅಂತರರಾಷ್ಟ್ರೀಯ ಮಿತಿಯ ಹತ್ತರಲ್ಲಿ ಒಂದು ಪಾಲು. ಅದು ಜನ ಓಡಾಡುವ ಜಾಗಕ್ಕೆ. ಚಾಲು ಇರುವ ಆಂಟೆನಾ ಮುಂದೆಯೇ ಹೋಗಿ ನಿಲ್ಲಬೇಡಿ, ಕೆಲಸ ಇದ್ದರೆ ಮೊದಲು ಬಂದ್ ಮಾಡಿಸಿ.

ನಾನು ಹೆದರಿದ್ದು ರೇಡಿಯೇಷನ್‌ಗೆ ಅಲ್ಲ. ಎತ್ತರಕ್ಕೆ, ಕರೆಂಟಿಗೆ. ಬೆಲ್ಟ್ ಇಲ್ಲದೆ “ಐದೇ ನಿಮಿಷದ ಕೆಲಸ” ಅಂತ ಹತ್ತಿಸುವವರು ಇದ್ದಾರೆ. ಹತ್ತಬೇಡಿ. ಮಳೆ, ಗುಡುಗು ಇದ್ದಾಗಲಂತೂ ಮೇಲಿಂದ ಯಾರೇ ಫೋನ್ ಮಾಡಲಿ, ಹತ್ತಬೇಡಿ.

ರಾತ್ರಿ ಪಾಳಿ ಹೆಣ್ಣುಮಕ್ಕಳಿಗೆ ಸರಿಹೋಗುತ್ತದಾ?

ಮನೆ ಬಾಗಿಲವರೆಗೆ ಕ್ಯಾಬ್ ಇದೆಯಾ, ಮೇನ್ ರೋಡ್‌ವರೆಗೆ ಮಾತ್ರಾನಾ, ಕ್ಯಾಬ್‌ನಲ್ಲಿ ಗಾರ್ಡ್ ಇರುತ್ತಾರಾ, ಇದನ್ನು ಎಚ್‌ಆರ್ ಹತ್ತಿರ ಕೇಳಬೇಡಿ. ಅಲ್ಲಿ ಈಗ ಕೆಲಸ ಮಾಡುತ್ತಿರುವ ಹುಡುಗಿಯರನ್ನು ಕೇಳಿ. ಹತ್ತು ಜನಕ್ಕಿಂತ ಕಡಿಮೆ ಇಲ್ಲದ ಆಫೀಸಿನಲ್ಲಿ ಲೈಂಗಿಕ ಕಿರುಕುಳದ ದೂರು ಕೇಳುವ ಆಂತರಿಕ ಸಮಿತಿ ಇರಲೇಬೇಕು, 2013ರ ಕಾಯ್ದೆ ಇದೆ. ಆಫ್‌ರೋಲ್ ಅಂತ ನಿಮ್ಮ ದೂರನ್ನು ತಳ್ಳಿಹಾಕುವ ಹಾಗಿಲ್ಲ.

ನೆಂಟರೆಲ್ಲ ಫ್ಯಾನ್ಸಿ ನಂಬರ್ ಕೇಳುತ್ತಾರೆ. ಏನು ಮಾಡಲಿ?

ಅದು ಬಿಡಿ, ಗಂಡು ನೋಡುವ ಮನೆಯವರು “ಆ ಹುಡುಗ ಯಾರ ಜೊತೆ ಜಾಸ್ತಿ ಮಾತಾಡುತ್ತಾನೆ, ಸ್ವಲ್ಪ ನೋಡಿ ಹೇಳು” ಅಂತಾರೆ. ಕಾಲ್ ವಿವರ ತೆಗೆದು ಕೊಟ್ಟರೆ ಕೆಲಸವೂ ಹೋಗುತ್ತದೆ, ಕೇಸೂ ಆಗುತ್ತದೆ. ಯಾವ ಲಾಗಿನ್‌ನಿಂದ ಯಾವ ನಂಬರ್ ತೆರೆದರು ಅಂತ ದಾಖಲಾಗುತ್ತದೆ. ಚಿಕ್ಕಪ್ಪ ಮುನಿಸಿಕೊಂಡರೆ ಯುಗಾದಿ ಹೊತ್ತಿಗೆ ಸರಿಹೋಗುತ್ತಾರೆ.

ಕೆಲಸ ಗಟ್ಟಿನಾ? ಅಥವಾ ಬಿಎಸ್‌ಎನ್‌ಎಲ್ ಥರ ಸರ್ಕಾರಿ ಕೆಲಸವೇ ಒಳ್ಳೇದಾ?

ಹಳೇ ಬೆಂಗಳೂರಿನವರಿಗೆ ಟೆಲಿಫೋನ್ ಕೆಲಸ ಅಂದರೆ ಐಟಿಐ, ಸರ್ಕಾರದ ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್ ಕಾರ್ಖಾನೆ. 1948ರಲ್ಲಿ ಶುರುವಾಯಿತು. ಕೆ.ಆರ್. ಪುರಂ ಹತ್ತಿರ ದೂರವಾಣಿನಗರ ಅಂತ ಊರಿಗೇ ಅದರಿಂದ ಹೆಸರು ಬಂತು. ಅಲ್ಲಿ ಸೇರಿದವರು ಅಲ್ಲೇ ನಿವೃತ್ತರಾಗುತ್ತಿದ್ದರು. ಆ ಕಾಲದ ತಂದೆ ತಾಯಿ ಈಗಲೂ ಟೆಲಿಕಾಂ ಅಂದರೆ ಗಟ್ಟಿ ಕೆಲಸ ಅಂದುಕೊಳ್ಳುತ್ತಾರೆ.

ಈಗ ಹಾಗಿಲ್ಲ. ಸರ್ಕಾರಿ ಬಿಎಸ್‌ಎನ್‌ಎಲ್ ಶುರುವಾದದ್ದು 2000ದ ಅಕ್ಟೋಬರ್ 1ರಂದು. ಅಲ್ಲೇ 2020ರ ಜನವರಿ ಕೊನೆಗೆ 78,000ಕ್ಕೂ ಹೆಚ್ಚು ಜನ ಸ್ವಯಂ ನಿವೃತ್ತಿ ತೆಗೆದುಕೊಂಡು ಹೊರಬಂದರು. ಖಾಸಗಿಯಲ್ಲಿ ಕೇಳಲೇಬೇಡಿ. ಕರ್ನಾಟಕದಲ್ಲಿ ಸ್ಪೈಸ್ ಇತ್ತು, ಐಡಿಯಾದಲ್ಲಿ ಸೇರಿತು. ಐಡಿಯಾ 2018ರಲ್ಲಿ ವೊಡಾಫೋನ್ ಜೊತೆ ಸೇರಿತು. 2012ರಲ್ಲಿ ಸುಪ್ರೀಂ ಕೋರ್ಟ್ 122 ಲೈಸೆನ್ಸ್ ರದ್ದು ಮಾಡಿತು. 2016ರ ಸೆಪ್ಟೆಂಬರ್‌ನಲ್ಲಿ ಜಿಯೋ ಬಂದ ಮೇಲೆ ಏರ್‌ಸೆಲ್, ಟಾಟಾ ಡೊಕೊಮೊ, ಟೆಲಿನಾರ್ ಎಲ್ಲ ಒಂದೊಂದಾಗಿ ಹೋದವು. ಎರಡು ಕಂಪನಿ ಸೇರಿದರೆ ಒಂದೇ ಊರಿಗೆ ಎರಡು ಸರ್ಕಲ್ ಆಫೀಸ್, ಒಂದೇ ಕುರ್ಚಿಗೆ ಇಬ್ಬರು. ಮುಂದಿನದು ಗೊತ್ತಲ್ಲ.

ನನ್ನ ಸಲಹೆ ಕೇಳಿದರೆ ಕಂಪನಿ ನಂಬಬೇಡಿ, ಕೈಕೆಲಸ ನಂಬಿ. ಫೈಬರ್ ಜೋಡಣೆ, ರೂಟಿಂಗ್, ರೇಡಿಯೊ ಪ್ಲ್ಯಾನಿಂಗ್ ಬಂದವರು ಟೀ ಶರ್ಟ್ ಬದಲಾಯಿಸಿಕೊಂಡು ಅದೇ ಟವರ್‌ಗೆ ವಾಪಸ್ ಬಂದದ್ದನ್ನು ನೋಡಿದ್ದೇನೆ.

ಸಂಬಳ?

ಆಫರ್‌ನಲ್ಲಿರುವ ದೊಡ್ಡ ಮೊತ್ತ ಸಿಟಿಸಿ, ನಿಮ್ಮ ಮೇಲೆ ಕಂಪನಿ ಮಾಡುವ ಒಟ್ಟು ಖರ್ಚು. ಅದರಲ್ಲಿ ಪಿಎಫ್, ಇನ್ಶೂರೆನ್ಸ್, ಸಿಗಬಹುದಾದ ಇನ್ಸೆಂಟಿವ್ ಎಲ್ಲ ಸೇರಿರುತ್ತದೆ. ಕೈಗೆ ಎಷ್ಟು ಅಂತ ಕೇಳಿ, ಆಮೇಲೆ ಪಿಜಿ ಬಾಡಿಗೆ ಲೆಕ್ಕ ಹಾಕಿ.

ಕೆಲಸ ಬಿಡುವಾಗ ಏನು ನೋಡಿಕೊಳ್ಳಬೇಕು?

ರಿಲೀವಿಂಗ್ ಲೆಟರ್, ಕೊನೆಯ ಮೂರು ಸಂಬಳದ ಸ್ಲಿಪ್, ಪಿಎಫ್ ವರ್ಗಾವಣೆ. ಇದು ಎಲ್ಲ ಕಡೆ ಇರುವುದೇ. ಟೆಲಿಕಾಂನಲ್ಲಿ ಇನ್ನೊಂದಿದೆ, ಕಂಪನಿ ಕೊಟ್ಟ ಸಿಮ್.

ಸೇರಿದ ದಿನವೇ ಒಂದು ನಂಬರ್ ಕೊಡುತ್ತಾರೆ. ಬಿಲ್ ಇಲ್ಲ, ಹಾಗಾಗಿ ಸ್ವಂತ ನಂಬರ್ ಬಿಟ್ಟು ಅದನ್ನೇ ಎಲ್ಲ ಕಡೆ ಕೊಡುತ್ತೇವೆ. ಬ್ಯಾಂಕು, ಆಧಾರ್, ಗ್ಯಾಸ್, ಮಗಳ ಶಾಲೆ. ನಾನೂ ಹಾಗೇ ಮಾಡಿದ್ದೆ. ನಂಬರ್ ನನ್ನ ಹೆಸರಿಗೆ ಮಾಡಿಕೊಡಿ ಅಂತ ಅರ್ಜಿ ಕೊಟ್ಟೆ, ಆಗುತ್ತದೆ ಅಂದರು. ಕೊನೆಯ ದಿನ ಸಂಜೆ ಆರಕ್ಕೆ ಲಾಗಿನ್ ಜೊತೆ ಸಿಮ್ಮೂ ಬಂದ್ ಆಯಿತು. ಬ್ಯಾಂಕಿನ ಒಟಿಪಿ ಬರದೆ ಎರಡು ವಾರ ಒದ್ದಾಡಿದೆ. ಹನ್ನೊಂದು ವರ್ಷ ಬೇರೆಯವರ ನೆಟ್‌ವರ್ಕ್ ಎಬ್ಬಿಸಿದವನು ಜಯನಗರದ ಬ್ಯಾಂಕ್ ಕೌಂಟರ್‌ನಲ್ಲಿ “ಫೋನ್ ಇಲ್ಲ ಮೇಡಂ” ಅಂತ ನಿಂತಿದ್ದೆ.

ಆ ನಂಬರ್ ಈಗ ಅದೇ ಆಫೀಸಿನ ಹೊಸ ಹುಡುಗನೊಬ್ಬನಿಗೆ ಕೊಟ್ಟಿದ್ದಾರೆ. ನನ್ನ ಗ್ಯಾಸ್ ಸಿಲಿಂಡರ್ ಮೆಸೇಜ್ ಅವನಿಗೇ ಹೋಗುತ್ತಿತ್ತು. ಒಳ್ಳೆಯವನು, ಫೋನ್ ಮಾಡಿ “ಸಾರ್, ನಿಮ್ಮ ಸಿಲಿಂಡರ್ ನಾಳೆ ಬರುತ್ತಂತೆ” ಅಂತ ಹೇಳುತ್ತಿದ್ದ. ಒಂದು ದಿನ ಕೇಳಿದೆ, ಯಾವ ಬಣ್ಣದ ದಾರ ಅಂತ. ಹಳದಿ ಅಂದ.